ಬೆಣ್ಣಿಹಳ್ಳದ ದಂಡೆಯ ಪಾಳು ಜಾಗಗಳು: ಮರುಬಳಕೆಗೆ ದಾರಿ ಯಾವುದು?

ಧಾರವಾಡ ಜಿಲ್ಲೆಯ ಎರೆಸೀಮೆಯದು ವಿಚಿತ್ರ ಪಾಡು. ವರ್ಷದ ಬಹುಪಾಲು ಕುಡಿಯುವ ನೀರಿನ ಚಿಂತೆ, ಮಳೆ ಜೋರಾದ ನಾಲ್ಕಾರು ದಿನ ಅದೇ ನೀರಿನ ಭಯ. ನವಲಗುಂದ ತಾಲೂಕಿನ ಹಳ್ಳದ ದಂಡೆಯ ಊರುಗಳಲ್ಲಿ ಪ್ರವಾಹ ಬಂದು ಹೋದ ಮೇಲೆ ಪರಿಹಾರದ ಚೆಕ್ಕು, ಕುಸಿದ ಮನೆಗಳ ಸಮೀಕ್ಷೆ, ಹೂಳೆತ್ತುವ ಬೇಡಿಕೆ ಇವೆಲ್ಲ ಚರ್ಚೆಗೆ ಬರುತ್ತವೆ. ಆದರೆ ಪ್ರವಾಹದ ಕಾರಣಕ್ಕೆ ಬಳಕೆ ತಪ್ಪಿ ಪಾಳು ಬಿದ್ದಿರುವ ಸಾರ್ವಜನಿಕ ಜಾಗಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಬಹುತೇಕ ಕಡತದಲ್ಲಿಯೇ ಉಳಿಯುತ್ತದೆ. ಹಳೆಯ ಗಾಂವಠಾಣ, ಕೈಬಿಟ್ಟ ಕೆರೆ, ಮುಳ್ಳುಕಂಟಿ ಬೆಳೆದ ಗಾಯರಾಣ, ಗೋಡೆ ಬಿರುಕು ಬಿಟ್ಟ ಸರಕಾರಿ ಕಟ್ಟಡ ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಇಂಥ ಜಾಗವನ್ನು ಹಾಗೆಯೇ ಬಿಟ್ಟರೆ ಒತ್ತುವರಿಯಾಗುತ್ತದೆ ಇಲ್ಲವೇ ತಿಪ್ಪೆಯಾಗುತ್ತದೆ. ಅವಸರದಲ್ಲಿ ಹೊಸ ಕಟ್ಟಡ ಕಟ್ಟಿದರೆ ಮುಂದಿನ ಪ್ರವಾಹದಲ್ಲಿ ಸಾರ್ವಜನಿಕರ ಹಣ ನೀರು ಪಾಲಾಗುತ್ತದೆ. ಈ ಎರಡು ಅಪಾಯಗಳ ನಡುವೆ ಇರುವ ದಾರಿಗಳ ಪರಿಚಯವೇ ಈ ಲೇಖನದ ಉದ್ದೇಶ.

ಮೂರು ಜಿಲ್ಲೆಗಳ ಹಳ್ಳ

ಬೆಣ್ಣಿಹಳ್ಳ ಹುಟ್ಟುವುದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ದುಂಡಶಿ ಸಮೀಪ. ಅಲ್ಲಿಂದ ಉತ್ತರಾಭಿಮುಖವಾಗಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳಲ್ಲಿ ಹರಿದು, ಗದಗ ಜಿಲ್ಲೆಯ ರೋಣ ತಾಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುತ್ತದೆ. ಧಾರವಾಡ ತಾಲೂಕಿನ ಕಡೆಯಿಂದ ಬರುವ ತುಪ್ಪರಿಹಳ್ಳ ಇದರ ದೊಡ್ಡ ಉಪಹಳ್ಳ. ಹೆಸರಿನಲ್ಲಿ ಬೆಣ್ಣೆ, ತುಪ್ಪ ಇದ್ದರೂ ಶ್ರಾವಣದ ಮಳೆಯಲ್ಲಿ ಇವುಗಳ ಸ್ವಭಾವ ಬೇರೆಯೇ ಆಗಿರುತ್ತದೆ. 1997ರ ಆಗಸ್ಟ್‌ವರೆಗೆ ಈ ಹಳ್ಳದ ಉಗಮದಿಂದ ಸಂಗಮದವರೆಗಿನ ಪಾತ್ರವೆಲ್ಲ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಹಾವೇರಿ, ಗದಗ ಪ್ರತ್ಯೇಕ ಜಿಲ್ಲೆಗಳಾದ ಬಳಿಕ ಒಂದೇ ಹಳ್ಳಕ್ಕೆ ಮೂರು ಜಿಲ್ಲಾಡಳಿತಗಳಾದವು. ಹೀಗಾಗಿ ಮೇಲಿನ ತಾಲೂಕಿನಲ್ಲಿ ಹಳ್ಳದ ಬಗ್ಗೆ ಕೈಗೊಂಡ ನಿರ್ಧಾರದ ಫಲವನ್ನು ಕೆಳಗಿನ ಜಿಲ್ಲೆಯವರು ಉಣ್ಣಬೇಕಾಗುತ್ತದೆ.

ಇದೇ ಜಿಲ್ಲೆಯ ಕಲಘಟಗಿ ತಾಲೂಕಿನ ಕಥೆ ಬೇರೆ. ಅದು ಮಲೆನಾಡಿನ ಸೆರಗು. ಅಲ್ಲಿನ ನೀರು ಬೇಡ್ತಿಯ ಮೂಲಕ ಪಶ್ಚಿಮಕ್ಕೆ ಹರಿದು, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಬೆಣ್ಣಿಹಳ್ಳದ ನೀರು ಮಲಪ್ರಭೆ, ಕೃಷ್ಣೆಯರ ಮೂಲಕ ಪೂರ್ವದ ಕಡಲಿಗೆ ಹೋಗುತ್ತದೆ. ಒಂದೇ ಜಿಲ್ಲೆಯ ಎರಡು ಭಾಗಗಳ ಮಣ್ಣು, ಮಳೆ, ಇಳಿಜಾರು ಇಷ್ಟು ಭಿನ್ನವಾಗಿರುವುದರಿಂದ ಕಲಘಟಗಿಯಲ್ಲಿ ಯಶಸ್ವಿಯಾದ ಯೋಜನೆಯನ್ನು ನವಲಗುಂದದಲ್ಲಿ ಹಾಗೆಯೇ ಜಾರಿಗೊಳಿಸಲು ಬರುವುದಿಲ್ಲ.

ಎರೆಮಣ್ಣಿನ ಗುಣ

ಪ್ರವಾಹದ ತೀವ್ರತೆಗೆ ಮಳೆಯೊಂದೇ ಕಾರಣವಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಮೊದಲ ಮಳೆಯನ್ನು ಬಿರುಕುಗಳು ನುಂಗಿಕೊಳ್ಳುತ್ತವೆ. ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡರೆ ಮುಂದಿನ ಮಳೆಯ ನೀರು ಇಂಗದೆ ಹೊಲದ ಮೇಲೆಯೇ ಹರಿದು ಹಳ್ಳ ಸೇರುತ್ತದೆ. ನೆಲ ಬಹುತೇಕ ಸಮತಟ್ಟಾಗಿರುವುದರಿಂದ ಹಳ್ಳಕ್ಕೆ ವೇಗವಿಲ್ಲ. ಏರಿದ ನೀರು ಅಗಲಕ್ಕೆ ಹರಡಿಕೊಳ್ಳುತ್ತದೆ. ಪಾತ್ರದಲ್ಲಿ ತುಂಬಿದ ಹೂಳು ಮತ್ತು ಬೆಳೆದು ನಿಂತ ಜಾಲಿಕಂಟಿ ನೀರನ್ನು ಇನ್ನಷ್ಟು ತಡೆಯುತ್ತವೆ. ಮಲಪ್ರಭೆಯೂ ತುಂಬಿ ಹರಿಯುತ್ತಿದ್ದರೆ ಸಂಗಮದ ಬಳಿ ಹಳ್ಳದ ನೀರಿಗೆ ದಾರಿಯಿಲ್ಲದೆ ಅದು ಹಿಂದಕ್ಕೆ ಒತ್ತುತ್ತದೆ.

ಇದೇ ಮಣ್ಣು ಕಟ್ಟಡಗಳಿಗೂ ಶತ್ರು. ಉಬ್ಬಿ ಕುಗ್ಗುವ ನೆಲದ ಮೇಲೆ ಆಳವಿಲ್ಲದ ಬುನಾದಿ ಹಾಕಿ ಕಟ್ಟಿದ ಶಾಲೆ, ಅಂಗನವಾಡಿ, ಸಮುದಾಯ ಭವನಗಳ ಗೋಡೆಗಳು ಪ್ರವಾಹ ಬಾರದಿದ್ದರೂ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತವೆ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಂತೂ ವಾರಗಟ್ಟಲೆ ಸುರಿಯುವ ಜಿಟಿಜಿಟಿ ಮಳೆಗೆ ನೆನೆದು ಕುಸಿಯುತ್ತವೆ.

ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳಗಳ ಪ್ರವಾಹ ನಿಯಂತ್ರಣದ ಚರ್ಚೆ ಬಂದಾಗಲೆಲ್ಲ ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯ ಅವರ ವರದಿಯ ಪ್ರಸ್ತಾಪವಾಗುತ್ತದೆ. ಹಳ್ಳದ ಹೂಳು ತೆಗೆದು ಅಗಲಗೊಳಿಸುವುದು, ನೀರನ್ನು ಅಲ್ಲಲ್ಲಿ ಹಿಡಿದು ಕೃಷಿಗೆ ಬಳಸುವುದು ಈ ಭಾಗದ ರೈತರ ಹಳೆಯ ಬೇಡಿಕೆ. ಪಾಳು ಜಾಗಗಳ ಮರುಬಳಕೆಯನ್ನು ಈ ದೊಡ್ಡ ಯೋಜನೆಗಳಿಂದ ಬೇರ್ಪಡಿಸಿ ನೋಡುವುದು ಸರಿಯಲ್ಲ. ಹಳ್ಳ ಅಗಲವಾಗಬೇಕಾದರೆ ಮೊದಲು ಬೇಕಾಗುವುದು ದಂಡೆಯ ಮೇಲಿನ ಖಾಲಿ ಜಾಗವೇ.

ಪಾಳು ಬಿದ್ದದ್ದು ಹೇಗೆ?

ಈ ಜಾಗಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಜನ ಬಿಟ್ಟುಹೋದ ಊರಿನ ಜಾಗ. ಇದು ಹೊಸ ಸಂಗತಿಯೇನಲ್ಲ. ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್’ ಎಂದು ನಮೂದಾದ ಗ್ರಾಮಗಳು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿವೆ. ದೀಪವಿಲ್ಲದ ಊರು ಎಂಬ ಅರ್ಥದ ಪಾರಸಿ ಪದದಿಂದ ಬಂದ ಹೆಸರಿದು. ಬರ, ಪ್ಲೇಗು, ಪ್ರವಾಹ ಮೊದಲಾದ ಕಾರಣಗಳಿಗೆ ಜನ ಊರು ಬಿಟ್ಟಿದ್ದರು. ಆಧುನಿಕ ಕಾಲದಲ್ಲಿ ಇದಕ್ಕೆ ಹೊಸ ರೂಪ ಬಂದದ್ದು 2009ರಲ್ಲಿ. ಆ ವರ್ಷದ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಂತರ ಸರಕಾರ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ನಿರ್ಮಿಸಿತು. ಬೆಣ್ಣಿಹಳ್ಳ, ಮಲಪ್ರಭೆಗಳ ಕೆಳಪಾತ್ರದ ರೋಣ ಮತ್ತು ನರಗುಂದ ತಾಲೂಕುಗಳಲ್ಲಿ ಇಂಥ ನವಗ್ರಾಮಗಳನ್ನು ಇಂದಿಗೂ ಕಾಣಬಹುದು.

ಆದರೆ ಸ್ಥಳಾಂತರ ಎಲ್ಲೆಡೆ ಪೂರ್ಣವಾಗಲಿಲ್ಲ. ಹೊಸ ಮನೆ ಚಿಕ್ಕದು, ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ರಸ್ತೆ-ನೀರು ಸರಿಯಿಲ್ಲ ಎಂಬ ದೂರುಗಳು ಕೇಳಿಬಂದವು. ಕೆಲವರು ಎರಡೂ ಕಡೆ ಮನೆ ಇಟ್ಟುಕೊಂಡರು, ಕೆಲವರು ಹಳೆಯೂರಿಗೇ ಮರಳಿದರು. 2019ರ ಆಗಸ್ಟ್‌ನಲ್ಲಿ ರಾಜ್ಯದ 22 ಜಿಲ್ಲೆಗಳನ್ನು ಬಾಧಿಸಿದ ಪ್ರವಾಹದಲ್ಲಿ ಮಲಪ್ರಭೆಯ ದಂಡೆಯ ಹಳೆಯೂರುಗಳಿಗೆ ಮತ್ತೆ ನೀರು ನುಗ್ಗಿತು. ಅರ್ಧ ಖಾಲಿಯಾದ ಊರು ಪೂರ್ತಿ ಖಾಲಿಯಾದ ಊರಿಗಿಂತ ಹೆಚ್ಚಿನ ಸಮಸ್ಯೆ ಎಂಬುದು ಆಗ ಸ್ಪಷ್ಟವಾಯಿತು.

ಎರಡನೆಯದು, ಕುಡಿಯುವ ನೀರಿನ ಹಳೆಯ ಕೆರೆಗಳು. ಎರೆಸೀಮೆಯ ಬಹಳಷ್ಟು ಊರುಗಳಲ್ಲಿ ಬಾವಿಯ ನೀರು ಸವಳು. ಹೀಗಾಗಿ ಮಳೆನೀರು ತುಂಬುವ ಕೆರೆಯೇ ಕುಡಿಯಲು ಆಧಾರವಾಗಿತ್ತು. 1970ರ ದಶಕದಲ್ಲಿ ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟೆ ನಿರ್ಮಾಣವಾಗಿ ಕಾಲುವೆಗಳು ಬಂದ ಮೇಲೆ ಈ ಕೆರೆಗಳಿಗೆ ಕಾಲುವೆ ನೀರು ತುಂಬಿಸುವ ಪದ್ಧತಿ ಬೆಳೆಯಿತು. ನವಲಗುಂದ ಪಟ್ಟಣದ ನೀಲಮ್ಮನ ಕೆರೆಯಂಥವು ಇಂದಿಗೂ ಬಳಕೆಯಲ್ಲಿವೆ. ಆದರೆ ನಳದ ನೀರು ಬಂದ ಕಡೆಗಳಲ್ಲಿ ಚಿಕ್ಕ ಕೆರೆಗಳತ್ತ ಯಾರ ಗಮನವೂ ಇಲ್ಲದಂತಾಯಿತು. ಅಂಗಳದಲ್ಲಿ ಹೂಳು ತುಂಬಿ, ಕೋಡಿ ಮುಚ್ಚಿ, ಮಳೆಗಾಲದಲ್ಲಿ ನೀರು ಪಕ್ಕದ ಓಣಿಗೆ ನುಗ್ಗುವುದು ಸಾಮಾನ್ಯವಾಯಿತು.

ಮೂರನೆಯದು, ಹಳ್ಳಕ್ಕೆ ತಾಗಿದ ಗಾಯರಾಣ ಹಾಗೂ ಅಲ್ಲಿ ಕಟ್ಟಿ ಕೈಬಿಟ್ಟ ಕಟ್ಟಡಗಳು. ಊರೊಳಗೆ ಜಾಗ ಸಿಗದಿದ್ದಾಗ ಅಗ್ಗದ ದಾರಿಯೆಂದು ತಗ್ಗಿನ ಸರಕಾರಿ ಜಾಗವನ್ನು ಆಯ್ದುಕೊಂಡದ್ದರ ಫಲವಿದು.

ಕಾನೂನು ಏನು ಹೇಳುತ್ತದೆ?

ಪಾಳು ಬಿದ್ದ ಮಾತ್ರಕ್ಕೆ ಸಾರ್ವಜನಿಕ ಜಾಗ ಯಾರ ಸ್ವತ್ತೂ ಆಗುವುದಿಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 71ನೇ ಕಲಮಿನಂತೆ ಗೋಮಾಳ ಮೊದಲಾದ ಸಾರ್ವಜನಿಕ ಉದ್ದೇಶಗಳಿಗೆ ಕಾಯ್ದಿರಿಸಿದ ಜಮೀನನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಕೆರೆ-ಕುಂಟೆಗಳು ಸಮುದಾಯದ ಸಂಪತ್ತು, ಅವುಗಳನ್ನು ಉಳಿಸಬೇಕು ಎಂದು ಹಿಂಚ್‌ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ನೀಡಿದೆ. ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿಯಲ್ಲಿ ನೀಡಿದ ತೀರ್ಪು ಇನ್ನೂ ಮುಂದೆ ಹೋಗಿ, ಗ್ರಾಮದ ಸಾಮುದಾಯಿಕ ಜಮೀನಿನ ಒತ್ತುವರಿಯನ್ನು ತೆರವುಗೊಳಿಸುವ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿದೆ. ರಾಜ್ಯದಲ್ಲಿ ಕೆರೆ ಸಂರಕ್ಷಣೆಗೆಂದೇ 2014ರ ಪ್ರತ್ಯೇಕ ಕಾಯ್ದೆಯಿದೆ.

ಕೆರೆಗಳ ಉಸ್ತುವಾರಿಯ ವಿಷಯದಲ್ಲಿಯೂ ಒಂದು ವಿಭಜನೆಯಿದೆ. 40 ಹೆಕ್ಟೇರಿಗಿಂತ ಹೆಚ್ಚು, 2000 ಹೆಕ್ಟೇರಿನವರೆಗೆ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದರೆ, ಅದಕ್ಕಿಂತ ಚಿಕ್ಕವು ಪಂಚಾಯತ್‌ರಾಜ್ ಸಂಸ್ಥೆಗಳ ಹೊಣೆ. ಎರೆಸೀಮೆಯ ಕುಡಿಯುವ ನೀರಿನ ಚಿಕ್ಕ ಕೆರೆಗಳು ಎರಡನೆಯ ಗುಂಪಿನವು. ಆದ್ದರಿಂದ ಮರುಬಳಕೆಯ ಮೊದಲ ಮಾತು ಗ್ರಾಮ ಪಂಚಾಯತಿಯಿಂದಲೇ ಹೊರಡಬೇಕಾಗುತ್ತದೆ.

ಬೆಂಗಳೂರಿನ ಪಾಠ, ಹುಬ್ಬಳ್ಳಿಯ ಪ್ರಯತ್ನ

ಬಳಕೆ ತಪ್ಪಿದ ಜಲಪ್ರದೇಶಕ್ಕೆ ಹೊಸ ಬಳಕೆ ಹುಡುಕಿದ ದೊಡ್ಡ ಉದಾಹರಣೆ ರಾಜಧಾನಿಯದ್ದೇ. ನಳದ ನೀರು ಬಂದ ಮೇಲೆ ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾಯಿತು. ನಗರಕ್ಕೆ ನಿಲ್ದಾಣವೂ ಬೇಕಿತ್ತು, ಕ್ರೀಡಾಂಗಣವೂ ಬೇಕಿತ್ತು ಎಂಬುದು ನಿಜ. ಆದರೆ ತಗ್ಗನ್ನು ಹುಡುಕಿಕೊಂಡು ಬರುವುದು ನೀರಿನ ಸ್ವಭಾವ. ಕೆರೆಗಳ ಸರಪಳಿ ಕಡಿದಾಗ ಆ ನೀರಿಗೆ ರಸ್ತೆಗಳೇ ಗತಿಯಾದವು. ಕೆರೆಯನ್ನು ಮುಚ್ಚಿ ಮಾಡುವ ಮರುಬಳಕೆಗೆ ತೆರಬೇಕಾದ ಬೆಲೆ ಇದು.

ಮನೆಯ ಸಮೀಪದ ಹುಬ್ಬಳ್ಳಿಯಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆದಿದೆ. ಸ್ಮಾರ್ಟ್ ಸಿಟಿ ಯೋಜನೆಯಡಿ ತೋಳನಕೆರೆಯನ್ನು ಕೆರೆಯಾಗಿಯೇ ಉಳಿಸಿಕೊಂಡು ಸುತ್ತ ಉದ್ಯಾನ ಮಾಡಲಾಯಿತು. ಉಣಕಲ್ ನಾಲೆಯ ದಂಡೆಯಲ್ಲಿ ನಡಿಗೆ ಮತ್ತು ಸೈಕಲ್ ಸಂಚಾರಕ್ಕಾಗಿ ಹಸಿರು ಪಥ ರೂಪಿಸುವ ಯೋಜನೆ, ಕೇಂದ್ರ ಸರಕಾರ 2018ರಲ್ಲಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ಸಹಯೋಗದಲ್ಲಿ ಆರಂಭಿಸಿದ ಕಾರ್ಯಕ್ರಮಕ್ಕೆ ಆಯ್ಕೆಯಾಯಿತು. ನೀರಿನ ಜಾಗವನ್ನು ನೀರಿಗೇ ಬಿಟ್ಟು ಅಂಚನ್ನು ಮಾತ್ರ ಜನ ಬಳಸುವುದು ಈ ಎರಡರಲ್ಲೂ ಇರುವ ತತ್ವ. ಕೊಳಚೆ ನೀರು ಒಳಬಾರದಂತೆ ತಡೆಯದಿದ್ದರೆ ಇಂಥ ಉದ್ಯಾನದ ಸೊಗಸು ಬಹಳ ದಿನ ಉಳಿಯದು ಎಂಬುದನ್ನೂ ಗಮನಿಸಬೇಕು.

ಹೊರನಾಡಿನ ಅನುಭವ

1993 ಮತ್ತು 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ನೆದರ್ಲೆಂಡ್ಸ್ ದೇಶ, ಒಡ್ಡುಗಳನ್ನು ಏರಿಸುತ್ತಲೇ ಹೋಗುವ ಹಳೆಯ ನೀತಿಯನ್ನು ಬದಲಿಸಿತು. ‘ನದಿಗೆ ಜಾಗ’ ಎಂಬ ಅರ್ಥದ ಕಾರ್ಯಕ್ರಮದಡಿ ಮೂವತ್ತಕ್ಕೂ ಹೆಚ್ಚು ಕಡೆ, ಒಡ್ಡುಗಳನ್ನು ಹಿಂದಕ್ಕೆ ಸರಿಸುವುದೇ ಮೊದಲಾದ ಕ್ರಮಗಳಿಂದ ನೀರು ಹರಡಲು ಜಾಗ ಬಿಟ್ಟಿತು. ಓವರ್‌ಡೀಪ್ಸೆ ಎಂಬಲ್ಲಿ ರೈತರೇ ಮುಂದೆ ಬಂದು ತಮ್ಮ ಮನೆ, ಕೊಟ್ಟಿಗೆಗಳನ್ನು ಎತ್ತರದ ಮಣ್ಣಿನ ದಿಬ್ಬಗಳ ಮೇಲೆ ಮರುನಿರ್ಮಿಸಿಕೊಂಡು, ಹೊಲಗಳನ್ನು ಪ್ರವಾಹಕ್ಕೆ ತೆರೆದಿಟ್ಟರು.

ಅಮೆರಿಕದಲ್ಲಿ ಒಂದು ಸ್ಪಷ್ಟ ನಿಯಮವಿದೆ. ಪ್ರವಾಹಪೀಡಿತ ಮನೆಯನ್ನು ಕೇಂದ್ರದ ಅನುದಾನದಿಂದ ಕೊಂಡು ಕೆಡವಿದರೆ ಆ ಜಾಗ ಶಾಶ್ವತವಾಗಿ ಬಯಲಾಗಿಯೇ ಉಳಿಯಬೇಕು. ನಾಲ್ಕೂ ಬದಿ ತೆರೆದಿರುವ ಸಾರ್ವಜನಿಕ ಮಂಟಪ, ಸಾರ್ವಜನಿಕ ಶೌಚಾಲಯದಂಥ ಕೆಲವನ್ನು ಬಿಟ್ಟರೆ ಬೇರೆ ಕಟ್ಟಡಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ನಮ್ಮಲ್ಲಿ ನವಗ್ರಾಮ ಕಟ್ಟಿದಾಗ ಹಳೆಯೂರಿನ ಜಾಗದ ಭವಿಷ್ಯವನ್ನು ಇಷ್ಟು ಖಚಿತವಾಗಿ ನಿರ್ಧರಿಸಿದ್ದರೆ ಇಂದಿನ ಗೊಂದಲ ಬಹುಪಾಲು ತಪ್ಪುತ್ತಿತ್ತು.

ಯಮನೂರಿನಲ್ಲಿಯೇ ಇದೆ ಮಾದರಿ

ಆದರೂ ದೂರದ ದೇಶಗಳನ್ನೇ ನೋಡಬೇಕಾಗಿಲ್ಲ. ನವಲಗುಂದ ತಾಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯಲ್ಲಿದೆ. ಇಲ್ಲಿನ ರಾಜಾಬಾಗಸವಾರ ದರ್ಗಾದ ಉರುಸಿಗೆ ಹಿಂದೂಗಳು, ಮುಸ್ಲಿಮರು ಒಟ್ಟಾಗಿ ಬರುತ್ತಾರೆ. ಚಾಂಗದೇವನೆಂದು ನಡೆದುಕೊಳ್ಳುವವರೂ ಇದ್ದಾರೆ. ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆಯಿಂದ ಭಕ್ತರು ಹಳ್ಳದಲ್ಲಿ ಸ್ನಾನ ಮಾಡುತ್ತಾರೆ. ಬೇಸಿಗೆಯ ಜಾತ್ರೆಯ ದಿನಗಳಲ್ಲಿ ಬಯಲಿನ ತುಂಬ ಅಂಗಡಿ, ಗುಡಾರ, ಬಂಡಿಗಳು. ಜಾತ್ರೆ ಮುಗಿದರೆ ಬಯಲು ಖಾಲಿ. ಮಳೆಗಾಲದಲ್ಲಿ ಹಳ್ಳ ಬಂದು ಅದರ ಮೇಲೆ ಹರಿದರೂ ನಷ್ಟವಾಗಲು ಅಲ್ಲಿ ಏನೂ ಇರುವುದಿಲ್ಲ. ಒಂದೇ ಜಾಗವನ್ನು ಒಣ ತಿಂಗಳುಗಳಲ್ಲಿ ಜನರೂ, ತೇವದ ತಿಂಗಳುಗಳಲ್ಲಿ ನೀರೂ ಬಳಸುವ ಈ ಪದ್ಧತಿ ಇಲ್ಲಿನ ಹಿರಿಯರಿಗೆ ಗೊತ್ತಿದ್ದದ್ದೇ. ಪ್ರವಾಹಕ್ಕೆ ಒಳಗಾಗುವ ಜಾಗದ ಮರುಬಳಕೆಗೆ ಇದಕ್ಕಿಂತ ಸರಳವಾದ ಸೂತ್ರವಿಲ್ಲ.

ಯಾವುದು ಸಾಧ್ಯ, ಯಾವುದು ಸಲ್ಲದು

ಈ ಸೂತ್ರದ ಆಧಾರದ ಮೇಲೆ ಎರೆಸೀಮೆಯ ಪಾಳು ಜಾಗಗಳಿಗೆ ಹೊಂದುವ ಬಳಕೆಗಳು ಹೀಗಿವೆ:

- ಜಾತ್ರೆ, ಸಂತೆ, ದನದ ಪೇಟೆ, ಆಟದ ಬಯಲು. ಕಟ್ಟೆ ಮತ್ತು ನಾಲ್ಕೂ ಕಡೆ ತೆರೆದ ಕಂಬದ ಚಪ್ಪರಕ್ಕಿಂತ ಹೆಚ್ಚಿನದು ಬೇಡ.
- ಸುಗ್ಗಿಯ ಕಾಲದ ಸಾಮೂಹಿಕ ಕಣ. ರಸ್ತೆಯ ಮೇಲೆ ಜೋಳ, ಕಡಲೆ ಒಕ್ಕುವ ಅಪಾಯ ತಪ್ಪುತ್ತದೆ. ಕಡಲೆಯ ಸುಗ್ಗಿ ಮಳೆಗಾಲ ಮುಗಿದ ಮೇಲೆಯೇ ಬರುತ್ತದೆ.
- ಮೇವಿನ ಹುಲ್ಲು ಮತ್ತು ನೆಡುತೋಪು. ನೀರು ನಿಂತರೂ ತಾಳುವ ಕರಿಜಾಲಿ, ಹೊಂಗೆ, ನೇರಳೆ, ಹೊಳೆಮತ್ತಿ ಸೂಕ್ತ. ಬೇವು ನಿಂತ ನೀರನ್ನು ಸಹಿಸದು. ಹಳ್ಳದ ಅಂಚಿನ ಸವಕಳಿ ತಡೆಯಲು ಲಾವಂಚ ನೆಡಬಹುದು. ಆದರೆ ನೀರು ಹರಿಯುವ ಪಾತ್ರದೊಳಗೆ ಯಾವ ಗಿಡವೂ ಸಲ್ಲದು.
- ಹಳೆಯ ಕೆರೆಯ ಪುನಶ್ಚೇತನ. ತೆಗೆದ ಹೂಳನ್ನು ರೈತರು ಹೊಲಕ್ಕೆ ಒಯ್ಯಬಹುದು. ದನಕರುಗಳಿಗೆ, ಬಟ್ಟೆ ಒಗೆಯಲು, ಬರಗಾಲದ ಆಪದ್ಧನವಾಗಿ ಕೆರೆ ಉಳಿಯುತ್ತದೆ.

ಸಲ್ಲದವುಗಳ ಪಟ್ಟಿಯೂ ಅಷ್ಟೇ ಮುಖ್ಯ. ಅಂಗನವಾಡಿ, ಶಾಲೆ, ಆರೋಗ್ಯ ಉಪಕೇಂದ್ರ, ಪಡಿತರ ಧಾನ್ಯದ ಗೋದಾಮು, ವಿದ್ಯುತ್ ಪರಿವರ್ತಕ ಇಂಥ ಜಾಗದಲ್ಲಿ ಬರಬಾರದು. ಕಸ ವಿಲೇವಾರಿ ಘಟಕ ಮತ್ತು ಗುಂಡಿಯ ಶೌಚಾಲಯಗಳನ್ನು ಕಟ್ಟಿದರೆ ಪ್ರವಾಹದ ನೀರು ಹೊಲಸನ್ನು ಊರಿಗೇ ತರುತ್ತದೆ. ನಿವೇಶನರಹಿತ ಬಡವರಿಗೆ ಹಂಚುವುದಂತೂ ಒಬ್ಬರ ಅಪಾಯವನ್ನು ಇನ್ನೊಬ್ಬರಿಗೆ ವರ್ಗಾಯಿಸಿದಂತೆ. ಬೇರೆಲ್ಲೂ ಜಾಗವಿಲ್ಲ ಎಂಬ ನೆಪದಲ್ಲಿ ಮೊದಲು ಬಲಿಯಾಗುವವರು ಇವರೇ.

ಲೆಕ್ಕ ಹಾಕಿ ನೋಡಿದರೆ

ಕೆರೆಯೊಂದರಿಂದ ಏನಾದೀತು, ಏನಾಗದು ಎಂಬ ಲೆಕ್ಕ ತಿಳಿದಿರಬೇಕು. 2022ರ ಏಪ್ರಿಲ್‌ನಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯಲ್ಲಿ ಜಿಲ್ಲೆಗೆ 75 ಕೆರೆಗಳ ಗುರಿಯಿತ್ತು. ಪ್ರತಿ ಕೆರೆಗೆ ಕನಿಷ್ಠ ಒಂದು ಎಕರೆ ವಿಸ್ತೀರ್ಣ, ಸುಮಾರು 10,000 ಘನ ಮೀಟರ್ ಸಾಮರ್ಥ್ಯ. ಎಂದರೆ ಸರಾಸರಿ ಎರಡೂವರೆ ಮೀಟರ್ ಆಳ, ಒಂದು ಕೋಟಿ ಲೀಟರ್ ನೀರು. ತಲೆಗೆ ದಿನಕ್ಕೆ 55 ಲೀಟರಿನಂತೆ ಎರಡು ಸಾವಿರ ಜನರ ಊರಿಗೆ ದಿನಕ್ಕೆ 1.1 ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ ಈ ಕೆರೆಯ ನೀರು ಸುಮಾರು ಮೂರು ತಿಂಗಳಿಗೆ ಸಾಕು. ಬೇಸಿಗೆಯ ಊರಿಗೆ ಇದು ಸಣ್ಣ ಮಾತಲ್ಲ.

ಅದೇ ಕೆರೆ ಪ್ರವಾಹವನ್ನು ತಡೆಯುವುದೇ? ಹಳ್ಳದಲ್ಲಿ 10,000 ಕ್ಯೂಸೆಕ್ ನೀರು ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಆ ಹರಿವಿಗೆ ಒಂದು ಕೋಟಿ ಲೀಟರಿನ ಕೆರೆ ಮೂವತ್ತೈದು ಸೆಕೆಂಡುಗಳಲ್ಲಿ ತುಂಬಿಬಿಡುತ್ತದೆ. ಆದ್ದರಿಂದ ಕೆರೆ ಹೂಳೆತ್ತಿದರೆ ಊರು ಪ್ರವಾಹಮುಕ್ತವಾಗುತ್ತದೆ ಎಂಬ ಭರವಸೆ ಹುಸಿ. ಊರೊಳಗಿನ ಮಳೆನೀರನ್ನು ಕೆರೆ ಹಿಡಿದೀತು. ಹಳ್ಳದ ನೀರಿಗೆ ಬೇಕಾದದ್ದು ಹರಡಿಕೊಳ್ಳಲು ಅಗಲವಾದ ಬಯಲು. 2014-15ರಿಂದ ಕೃಷಿಭಾಗ್ಯ ಯೋಜನೆಯಡಿ ತೋಡಿದ ಕೃಷಿಹೊಂಡಗಳ ಮಾತೂ ಇದೇ. ಬೆಳೆಗೆ ಒಂದೆರಡು ಬಾರಿ ನೀರುಣಿಸಲು ಅವು ವರದಾನ, ಮಹಾಪೂರಕ್ಕೆ ಉತ್ತರವಲ್ಲ.

ನಿರ್ಧಾರ ಯಾರದು?

ಮರುಬಳಕೆಯ ಪ್ರಸ್ತಾವ ಹಿಡಿದು ಹೊರಡುವ ಗ್ರಾಮ ಪಂಚಾಯತಿ ಕ್ರಮವಾಗಿ ಕೆಲವು ಕೆಲಸಗಳನ್ನು ಮಾಡಿಕೊಳ್ಳಬೇಕು. ಮೊದಲು ಪಹಣಿ ತೆಗೆಸಿ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು, ಭೂಮಾಪನ ಇಲಾಖೆಯಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಬೇಕು. ಎರಡನೆಯದಾಗಿ 2009 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಊರಿನ ಹಿರಿಯರನ್ನು ಕೇಳಿ ಗೋಡೆ, ಕಂಬಗಳ ಮೇಲೆ ಶಾಶ್ವತವಾಗಿ ಗುರುತಿಸಬೇಕು. ಖರ್ಚಿಲ್ಲದ ಈ ಗುರುತು ಮುಂದೆ ಯಾವ ಎಂಜಿನಿಯರ್ ಬಂದರೂ ದಾರಿ ತೋರಿಸುತ್ತದೆ. ಮೂರನೆಯದಾಗಿ ವಿಷಯವನ್ನು ಗ್ರಾಮಸಭೆಯ ಮುಂದಿಟ್ಟು ಠರಾವು ಮಾಡಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಕಳಿಸಬೇಕು.

ಗ್ರಾಮಸಭೆಯಲ್ಲಿ ಭಿನ್ನಮತ ಬರುವುದು ಸಹಜ. ಹಳೆಯೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅಲ್ಲಿನ ಗುಡಿ, ಕಟ್ಟೆ, ಮನೆಯ ಪಾಯ ಬರೀ ಕಲ್ಲುಮಣ್ಣಲ್ಲ. ದನ ಮೇಯಿಸುವವರಿಗೆ ಗಾಯರಾಣ ಬೇಕು, ಯುವಕರಿಗೆ ಆಟದ ಬಯಲು ಬೇಕು, ಹಲವು ವರ್ಷಗಳಿಂದ ಅಲ್ಲಿಯೇ ಉಳುತ್ತಿರುವವರಿಗೆ ಹಕ್ಕುಪತ್ರ ಬೇಕು. ನೀರಿನ ವಿಷಯದಲ್ಲಿ ಸರಕಾರದ ನಿರ್ಧಾರವನ್ನು ಪ್ರಶ್ನಿಸುವುದು ಈ ನೆಲಕ್ಕೆ ಹೊಸದಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನವಲಗುಂದ, ನರಗುಂದಗಳಲ್ಲಿ ನಡೆದ ರೈತ ಬಂಡಾಯ ರಾಜ್ಯದ ರಾಜಕಾರಣವನ್ನೇ ಬದಲಿಸಿತು. ಆದ್ದರಿಂದ ಜನರ ಒಪ್ಪಿಗೆಯಿಲ್ಲದ ಯೋಜನೆ ಇಲ್ಲಿ ಬೇರೂರುವುದು ಕಷ್ಟ. ಹಳೆಯ ಗುಡಿಗೆ ಹೋಗುವ ದಾರಿ ಮತ್ತು ಜಾತ್ರೆಯ ಹಕ್ಕನ್ನು ಉಳಿಸಿಕೊಡುವುದು, ನವಗ್ರಾಮದಲ್ಲಿ ದನದ ಕೊಟ್ಟಿಗೆಗೆ ಜಾಗ ಕೊಡುವುದು ಮುಂತಾದ ಚಿಕ್ಕ ಏರ್ಪಾಡುಗಳೇ ಎಷ್ಟೋ ಬಾರಿ ಹಳೆಯೂರು ಬಿಟ್ಟುಕೊಡಲು ಜನರನ್ನು ಒಪ್ಪಿಸಬಲ್ಲವು.

ಹಳ್ಳ ಮತ್ತೆ ಬರುವುದು ಖಚಿತ. ಯಾವ ವರ್ಷ ಎಂಬುದಷ್ಟೇ ಗೊತ್ತಿಲ್ಲ. ಅದು ಬಂದಾಗ ದಂಡೆಯ ಮೇಲೆ ಮಕ್ಕಳ ಶಾಲೆ ಇರಬೇಕೋ, ಹುಲ್ಲುಗಾವಲು ಇರಬೇಕೋ ಎಂಬುದನ್ನು ಬೇಸಿಗೆಯ ಗ್ರಾಮಸಭೆಯಲ್ಲಿಯೇ ತೀರ್ಮಾನಿಸಬೇಕು.